ಮೈಲುತುತ್ತಕ್ಕೂ ಬಗ್ಗದ ಕಪ್ಪು ಬೂಷ್ಟು: ನನ್ನ ಅನುಭವ

ಅಡಿಕೆ ಬೆಳೆಗಾರರಿಗೆ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ಪರಿಚಯ ಮಾಡಿಕೊಡಬೇಕಿಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಬೇಕು. ರೋಗಾಣುವನ್ನು ಕೊಲ್ಲುವುದು ಅದರಲ್ಲಿರುವ ತಾಮ್ರ. ಆದರೆ ಕೆಲವು ಶಿಲೀಂಧ್ರಗಳು (ಬೂಷ್ಟುಗಳು) ಲ್ಯಾಬಿನಲ್ಲಿ ಅವನ್ನು ಬೆಳೆಸುವ ತಟ್ಟೆಗೆ ತಾಮ್ರ ಬೆರೆಸಿದರೂ ಆರಾಮಾಗಿ ಹಬ್ಬುತ್ತವೆ. ಅದು ಹೇಗೆ ಅಂತ ನಾನೇ ಮಾಡಿ ನೋಡಬೇಕು ಅನ್ನಿಸಿತು.

ಮಣ್ಣು ತಂದಿದ್ದು ಚಿತ್ರದುರ್ಗದ ಹತ್ತಿರದ ಇಂಗಳದಾಳು ಕಡೆಯಿಂದ. ಅಲ್ಲಿ ಹಳೆಯ ತಾಮ್ರದ ಗಣಿ ಇದೆ. ಮಣ್ಣನ್ನು ನೀರಲ್ಲಿ ಕದಡಿ, ತೆಳು ಮಾಡಿ, ಆಲೂಗಡ್ಡೆ ಸಾರದ ಅಗರ್ (ಜೆಲ್ಲಿಯಂತೆ ಹೆಪ್ಪುಗಟ್ಟುವ ವಸ್ತು) ತಟ್ಟೆಗೆ ಸವರಿದೆ. ಬ್ಯಾಕ್ಟೀರಿಯಾ ಬರದಿರಲಿ ಅಂತ ಕ್ಲೋರಾಂಫೆನಿಕಾಲ್ ಹಾಕಿದ್ದೆ. ತಾಮ್ರದ ಸಲ್ಫೇಟನ್ನು ಬೇರೆಯಾಗಿಯೇ ಆಟೋಕ್ಲೇವ್ ಮಾಡಿ (ಒತ್ತಡದ ಬಿಸಿ ಹಬೆಯಲ್ಲಿ ಕ್ರಿಮಿಶುದ್ಧ ಮಾಡಿ), ಅಗರ್ ಸ್ವಲ್ಪ ಆರಿದ ಮೇಲೆ ಸೇರಿಸಿದೆ. ಲೀಟರಿಗೆ 1.25 ಗ್ರಾಂ ಹಾಕಿದರೆ ತಾಮ್ರದ ಸಾಂದ್ರತೆ 5 ಮಿಲಿಮೋಲಾರ್. ಅಷ್ಟೂ ತಾಮ್ರ ಶಿಲೀಂಧ್ರಕ್ಕೆ ತಗಲುತ್ತದೆ ಅಂದುಕೊಳ್ಳಬೇಡಿ. ಆಲೂಗಡ್ಡೆ ಸಾರದಲ್ಲಿರುವ ಫಾಸ್ಫೇಟ್, ಅಮೈನೋ ಆಮ್ಲಗಳೇ ಒಂದಷ್ಟನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಾಗಾಗಿ ಬೇರೆಯವರ ಲೆಕ್ಕದ ಜೊತೆ ಸುಮ್ನೆ ಹೋಲಿಸಬಾರದು.

ಗಟ್ಟಿಯಾಗಿ ನಿಂತವು ಎರಡು: ಆಸ್ಪರ್ಜಿಲಸ್ ನೈಗರ್ ಮತ್ತು ಒಂದು ಕ್ಲಾಡೋಸ್ಪೋರಿಯಂ. ಕ್ಲಾಡೋಸ್ಪೋರಿಯಂ ಕಡು ಹಸಿರು, ಅಡಿಯಿಂದ ನೋಡಿದರೆ ಪೂರ್ತಿ ಕಪ್ಪು. ಆ ಕಪ್ಪಿಗೆ ಕಾರಣ ಮೆಲನಿನ್ ಎಂಬ ಬಣ್ಣದ ವಸ್ತು. ಮೆಲನಿನ್ನಿನಲ್ಲಿರುವ ಕಾರ್ಬಾಕ್ಸಿಲ್, ಫೀನಾಲ್ ಗುಂಪುಗಳಿಗೆ ತಾಮ್ರ ಅಂಟಿಕೊಂಡು ಜೀವಕೋಶದ ಹೊರಗೋಡೆಯಲ್ಲೇ ಉಳಿಯುತ್ತದೆ.

ಬಣ್ಣಕ್ಕೇ ಈ ಶಕ್ತಿ ಇದೆಯಾ ಅಂತ ತಿಳಿಯಲು ಟ್ರೈಸೈಕ್ಲಜೋಲ್ ಬಳಸಿದೆ. ಭತ್ತದ ಬೆಂಕಿ ರೋಗಕ್ಕೆ ಹೊಡೆಯುವ ಔಷಧ ಅದು. ಶಿಲೀಂಧ್ರ ಮೆಲನಿನ್ ತಯಾರಿಸುವುದನ್ನೇ ತಡೆಯುತ್ತದೆ. ಅದನ್ನು ಬೆರೆಸಿದ ತಟ್ಟೆಯಲ್ಲಿ ಕ್ಲಾಡೋಸ್ಪೋರಿಯಂ ಕಂದುಗೆಂಪಾಗಿ ಬೆಳೆಯಿತು. ತಾಮ್ರವೂ ಇದ್ದ ಕಡೆ ಅದರ ವೃತ್ತ ಚಿಕ್ಕದಾಗಿಯೇ ಉಳಿಯಿತು. ಇಲ್ಲಿ ತಾಮ್ರವಿಲ್ಲದ, ಬರೀ ಟ್ರೈಸೈಕ್ಲಜೋಲ್ ಇರುವ ತಟ್ಟೆಯೂ ಪಕ್ಕದಲ್ಲಿ ಇರಲೇಬೇಕು. ಇಲ್ಲದಿದ್ದರೆ ಬೆಳವಣಿಗೆ ತಗ್ಗಿದ್ದು ಔಷಧದಿಂದಲೋ ತಾಮ್ರದಿಂದಲೋ ಹೇಳುವುದು ಹೇಗೆ, ಅಲ್ವಾ?

ಹಾಗಂತ ಎಲ್ಲವನ್ನೂ ಮೆಲನಿನ್ ಲೆಕ್ಕಕ್ಕೆ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ನೈಗರ್ ದಾರಿಯೇ ಬೇರೆ. ಅದು ಆಕ್ಸಾಲಿಕ್ ಆಮ್ಲ ಬಿಡುತ್ತದೆ. ಕಾಲನಿಯ ಕೆಳಗಿನ ಅಗರ್ ಚೂರನ್ನು ಸೂಕ್ಷ್ಮದರ್ಶಕದಲ್ಲಿಟ್ಟಾಗ ಎಳೆಗಳ ನಡುವೆ ತಿಳಿನೀಲಿ ಹರಳುಗಳು ಗೊಂಚಲು ಗೊಂಚಲಾಗಿ ಕಂಡವು. ತಾಮ್ರದ ಆಕ್ಸಲೇಟ್ ಹಾಗೇ ಇರುತ್ತದೆ. ಅದು ನೀರಲ್ಲಿ ಕರಗುವುದು ತೀರಾ ಕಡಿಮೆ, ಹಾಗಾಗಿ ವಿಷದ ಕಾಟವೂ ಕಡಿಮೆ. ನೋಡಿ ಎಷ್ಟು ಖುಷಿಯಾಯಿತು ಅಂದರೆ, ಲ್ಯಾಬಿನಲ್ಲಿದ್ದ ಎಲ್ಲರನ್ನೂ ಕರೆದು ತೋರಿಸಿದೆ.

ಮೆಲನಿನ್ ಬೇರ್ಪಡಿಸುವುದು ಕಷ್ಟವೇನಲ್ಲ. ಕ್ಲಾಡೋಸ್ಪೋರಿಯಂ ಎಳೆಗಳನ್ನು 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಕುದಿಸಿ, ಸೋಸಿ, ಹೈಡ್ರೋಕ್ಲೋರಿಕ್ ಆಮ್ಲದಿಂದ ಪಿಎಚ್ 2ಕ್ಕೆ ಇಳಿಸಿದರೆ ಕಪ್ಪು ಗಸಿ ತಳಕ್ಕೆ ಕೂರುತ್ತದೆ. ಚೆನ್ನಾಗಿ ತೊಳೆದು ತಾಮ್ರದ ದ್ರಾವಣಕ್ಕೆ ಹಾಕಿ ಅಲುಗಾಡಿಸಿದೆ. ಸೆಂಟ್ರಿಫ್ಯೂಜಿನಲ್ಲಿ ಜೋರಾಗಿ ತಿರುಗಿಸಿ ಗಸಿಯನ್ನು ತಳಕ್ಕಿಳಿಸಿ, ಮೇಲಿನ ನೀರನ್ನು ಅಳೆದಾಗ ತಾಮ್ರ ಇಳಿದಿತ್ತು. ಗಸಿಯನ್ನು ತೆಳು ಆಮ್ಲದಲ್ಲಿ ತೊಳೆದರೆ ಬಹುಪಾಲು ವಾಪಸ್ ಬಂತು. ಗಣಿ ನೀರನ್ನು ಶುದ್ಧ ಮಾಡುವ ಯೋಚನೆ ಇರುವವರಿಗೆ ಇದು ಮುಖ್ಯ. ಈ ಕೆಲಸಕ್ಕೆ ಶಿಲೀಂಧ್ರ ಜೀವಂತ ಇರಲೇಬೇಕು ಅಂತಿಲ್ಲ.

ಇದನ್ನು ಮಾಡಲು ಹೊರಟವರು ಒಂದು ವಿಷಯ ಗಮನಿಸಿ. ಆಟೋಕ್ಲೇವ್ ಮಾಡಿದರೆ ಬೂಷ್ಟು ಸಾಯುತ್ತದೆ, ತಾಮ್ರ ಎಲ್ಲೂ ಹೋಗುವುದಿಲ್ಲ. ಬಳಸಿದ ತಟ್ಟೆ, ದ್ರಾವಣಗಳನ್ನು ಸಿಂಕಿಗೆ ಸುರಿಯದೆ ಬೇರೆ ಡಬ್ಬದಲ್ಲಿ ಇಟ್ಟು, ರಾಸಾಯನಿಕ ಕಸ ಒಯ್ಯುವವರಿಗೇ ಕೊಡಿ.