ಧಣಿಗಳಿಗೆ ಜೆಟ್ ಹುಡುಕಿದ ಎರಡು ವರ್ಷ

ನಾನು ಮಂಗಳೂರಿನ ಒಂದು ಕುಟುಂಬದ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನು. ಗೇರುಬೀಜದ ಫ್ಯಾಕ್ಟರಿ, ಒಂದಷ್ಟು ಕಟ್ಟಡ ಕೆಲಸ, ದುಬೈಯಲ್ಲಿ ಒಂದು ಆಫೀಸು. ಒಂದು ದಿನ ಧಣಿಗಳು ಕರೆದು, "ಒಂದು ಸಣ್ಣ ಜೆಟ್ ನೋಡಿ ಮಾರಾಯ್ರೆ, ಸೆಕೆಂಡ್ ಹ್ಯಾಂಡ್ ಆದರೂ ಅಡ್ಡಿಯಿಲ್ಲ" ಅಂದರು. ಅಲ್ಲಿವರೆಗೆ ನಾನು ತೆಗೆದುಕೊಟ್ಟದ್ದು ಲಾರಿ, ಜೆಸಿಬಿ ಮಾತ್ರ.

ನಾನು ಮೊದಲು ಮಾಡಿದ್ದು ವಿಮಾನ ನೋಡುವ ಕೆಲಸವಲ್ಲ. ಹಿಂದಿನ ಎರಡು ವರ್ಷದ ಟಿಕೆಟ್ ಬಿಲ್ಲುಗಳನ್ನೆಲ್ಲ ತೆಗೆದು, ಧಣಿಗಳು ವರ್ಷಕ್ಕೆ ಎಷ್ಟು ಗಂಟೆ ಹಾರುತ್ತಾರೆ ಅಂತ ಕೂಡಿಸಿದೆ. ಬಂದದ್ದು 90 ಗಂಟೆ. ವರ್ಷಕ್ಕೆ 200 ಗಂಟೆಯ ಹತ್ತಿರ ಹೋಗದಿದ್ದರೆ ಬಾಡಿಗೆ ವಿಮಾನವೇ ಅಗ್ಗ ಅನ್ನುವುದು ಈ ಧಂದೆಯವರ ಬಾಯಿಲೆಕ್ಕ. ಹಾರದೆ ನಿಂತರೂ ಇಬ್ಬರು ಪೈಲಟ್‌ಗಳ ಸಂಬಳ, ವಿಮೆ, ಹ್ಯಾಂಗರ್ ಬಾಡಿಗೆ ನಿಲ್ಲುವುದಿಲ್ಲ. ಪೈಲಟ್‌ಗಳಿಗೆ ಆರು ತಿಂಗಳಿಗೊಮ್ಮೆ ಪರೀಕ್ಷೆ ಬೇರೆ. ನಮ್ಮವರು ಸಿಮ್ಯುಲೇಟರ್‌ಗೆ ವಿದೇಶಕ್ಕೆ ಹೋಗಬೇಕು, ಆ ಖರ್ಚೂ ನಮ್ಮದೇ.

ಹಾಗಾಗಿ ಒಂದು ವರ್ಷ ಬಾಡಿಗೆಗೇ ಹಾರಿ ನೋಡಿ ಅಂದೆ. ಧಣಿಗಳಿಗೆ ಸ್ವಲ್ಪ ಬೇಸರವಾಯಿತು. ಆದರೆ ಆ ಒಂದು ವರ್ಷ ಕಲಿಸಿದ್ದು ಜಾಸ್ತಿ. ಮೊದಲು ನಾವು ಕಣ್ಣು ಹಾಕಿದ್ದು ಫೆನಾಮ್ 100 ಮೇಲೆ. ಚಂದದ ವಿಮಾನ, ಮುಂಬೈಗೆ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಆದರೆ ಅದು ಒಂದೇ ಏಟಿಗೆ ಹೋಗುವುದು ಸುಮಾರು 2,180 ಕಿ.ಮೀ. ನಮ್ಮ ಮಂಗಳೂರು ವಿಮಾನ ನಿಲ್ದಾಣ ಇರುವ ಬಜ್ಪೆಯಿಂದ ದುಬೈಗೆ ನೇರ ಗೆರೆ ಎಳೆದರೂ 2,400 ದಾಟುತ್ತದೆ. ಚಳಿಗಾಲದಲ್ಲಿ ಪಶ್ಚಿಮದ ಎದುರುಗಾಳಿ ಬೇರೆ. ಫೆನಾಮ್ 300 ಆದರೆ 3,600 ಕಿ.ಮೀ. ಹತ್ತಿರ ಹೋಗುತ್ತದೆ, ದುಬೈ ಆರಾಮ. ಎರಡರಲ್ಲೂ ಒಳಗೆ ಎತ್ತರ ಐದೇ ಅಡಿ. ಆರಡಿಯ ಧಣಿಗಳು ಬೆನ್ನು ಬಗ್ಗಿಸಿಕೊಂಡು ನಡೆದರು. ಅವರ ಅಮ್ಮನಿಗೆ ಮಂಡಿನೋವು, ಬಾಗಿಲಿನ ಮೆಟ್ಟಿಲು ಹತ್ತಿಸಲು ಇಬ್ಬರು ಬೇಕಾಯಿತು. ಒಳಗೆ ಕೂತ ಮೇಲೆ ಅವರು ಕೇಳಿದ್ದು, "ಇದಕ್ಕಿಂತ ನಮ್ಮ ಇನ್ನೋವಾ ದೊಡ್ಡದಲ್ವಾ?"

ವರ್ಷದ ಕೊನೆಗೆ ದುಬೈ ಕೆಲಸ ಹೆಚ್ಚಾಗಿ ಗಂಟೆಗಳು 170ಕ್ಕೆ ಹೋದವು. ಸರಿ, ಇನ್ನು ಹುಡುಕಬಹುದು ಅಂತ ಹೊರಟೆವು.

ಇಲ್ಲಿ ನನ್ನ ಕೈ ಹಿಡಿದದ್ದು ನನ್ನ ಭಾವ. ಉಡುಪಿಯವರು, ವಿಮಾನ ದುರಸ್ತಿಯ ಇಂಜಿನಿಯರ್ ಆಗಿ ನಿವೃತ್ತರಾದವರು. ಫ್ಲೋರಿಡಾದಲ್ಲಿದ್ದ ಒಂದು ವಿಮಾನವನ್ನು ಬ್ರೋಕರ್ ತೋರಿಸಿದ್ದ. ಹೊಸ ಪೇಂಟ್, ಹೊಸ ಸೀಟು, ಬೆಲೆ ಮಾರ್ಕೆಟ್‌ಗಿಂತ ಕಡಿಮೆ. ನಾನು ಫೋಟೋ ತೋರಿಸಿದರೆ ಭಾವ ನೋಡಲೇ ಇಲ್ಲ. "ಫೋಟೋ ಎಂತಕ್ಕೆ? ಲಾಗ್‌ಬುಕ್ ತರಿಸಿ" ಅಂದರು.

ಸ್ಕ್ಯಾನ್ ಮಾಡಿದ ಲಾಗ್‌ಬುಕ್ ಬಂತು. ಅವರ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಮೂರು ಸಂಜೆ ಪುಟ ಪುಟ ಓದಿದರು. ಬರೇ ತಾರೀಕು ಮತ್ತು ಗಂಟೆ. ಮೂರನೇ ಸಂಜೆ ಬೆರಳಿಟ್ಟರು: ಹದಿನಾಲ್ಕು ತಿಂಗಳು ಒಂದು ಸಾಲೂ ಇಲ್ಲ. ಎಲ್ಲೋ ಹೊರಗೆ ಸುಮ್ನೆ ನಿಂತಿತ್ತು ಅಂತ ಅರ್ಥ. ಲ್ಯಾಂಡಿಂಗ್ ಗೇರ್ ಬಿಚ್ಚಿ ರಿಪೇರಿ ಮಾಡಿದ ಕಾಗದವೂ ಇಲ್ಲ. ಎಂಜಿನ್‌ಗೆ ಗಂಟೆ ಲೆಕ್ಕದಲ್ಲಿ ಹಣ ಕಟ್ಟುವ ಪ್ರೋಗ್ರಾಂ ಇರುತ್ತದಲ್ಲ, ಅದರಲ್ಲೂ ಸೇರಿಸಿರಲಿಲ್ಲ. ಸೇರಿಸದ ಎಂಜಿನ್ ಕೊಂಡರೆ ದೊಡ್ಡ ರಿಪೇರಿಯ ಬಿಲ್ಲು ಪೂರ್ತಿ ಹೊಸ ಧಣಿಯ ತಲೆಗೆ.

ಆದರೂ ಬೆಲೆಯ ಆಸೆಗೆ ತಪಾಸಣೆಗೆ ಕೊಟ್ಟೆವು. ಮಾರುವವನು ಹೇಳಿದ ವರ್ಕ್‌ಶಾಪ್ ಅಲ್ಲ, ನಾವು ಹುಡುಕಿದ್ದು. ಭಾವ ಅವರಿಗೆ ಬರೆದದ್ದು ಎರಡೇ ಮಾತು: ಟಾಯ್ಲೆಟ್ ಮತ್ತು ಅಡುಗೆ ಕಪಾಟಿನ ಕೆಳಗಿನ ನೆಲ ಬಿಚ್ಚಿ, ಎಂಜಿನ್ ಒಳಗೆ ಕ್ಯಾಮೆರಾ ಬಿಡಿ. ನೀರು, ಕಾಫಿ ಚೆಲ್ಲಿ ಇಳಿಯುವುದು ಆ ನೆಲದ ಕೆಳಗೇ. ಫೋಟೋ ಬಂತು. ನೆಲದ ಕೆಳಗಿನ ಪಟ್ಟಿಗಳ ಮೇಲೆಲ್ಲ ಬಿಳಿ ಹುಡಿ, ಕಲ್ಲುಪ್ಪು ಉದುರಿಸಿದ ಹಾಗೆ. ನಾನು ಧೂಳು ಅಂದುಕೊಂಡೆ. ಅಲ್ಯೂಮಿನಿಯಂನ ತುಕ್ಕು ಕೆಂಪಗಿರುವುದಿಲ್ಲ, ಹೀಗೇ ಬೆಳ್ಳಗೆ ಇರುತ್ತದೆ ಅಂತ ಆಗ ತಿಳಿಯಿತು. ಮಲ್ಪೆಯಲ್ಲಿ ಸ್ಕೂಟರ್ ಎರಡು ಮಳೆಗಾಲ ಹೊರಗೆ ನಿಲ್ಲಿಸಿದರೆ ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಫ್ಲೋರಿಡಾದ ಕಡಲಗಾಳಿಗೂ ಅದೇ ಬುದ್ಧಿ.

ಅಗ್ರಿಮೆಂಟಿನಲ್ಲಿ 'ತಪಾಸಣೆ ಒಪ್ಪಿಗೆಯಾಗದಿದ್ದರೆ ಅಡ್ವಾನ್ಸ್ ವಾಪಸ್' ಅಂತ ಬರೆಸಿದ್ದರಿಂದ ಅಡ್ವಾನ್ಸ್ ಬಂತು. ತಪಾಸಣೆಯ ದುಡ್ಡು ಹೋಯಿತು. ಧಣಿಗಳು ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಎರಡನೆಯದು ಎಂಟು ತಿಂಗಳ ನಂತರ ಸಿಕ್ಕಿತು. ಅದೂ ಅಮೆರಿಕದ್ದೇ, ಆದರೆ ಒಣ ಊರಿನದ್ದು, ಒಬ್ಬನೇ ಮಾಲೀಕ, ಕಾಗದ ಮೊದಲ ದಿನದಿಂದ ಪೂರ್ತಿ. ಜಾಗ ತೆಗೆದುಕೊಳ್ಳುವಾಗ ಇಸಿ ತೆಗೆಸುತ್ತೇವಲ್ಲ, ಹಾಗೆಯೇ ಸಾಲ ಬಾಕಿ ಇದೆಯಾ ಅಂತ ಒಕ್ಲಹೋಮಾ ಸಿಟಿಯ ವಿಮಾನ ನೋಂದಣಿ ಕಚೇರಿಯ ದಾಖಲೆ ತೆಗೆಸಿದೆವು.

ಆಮೇಲೆ ತೆರಿಗೆ. ಇಲ್ಲಿ ತಪ್ಪಿದರೆ ಉಳಿದ ಲೆಕ್ಕವೆಲ್ಲ ದಂಡ. ಸ್ವಂತ ಬಳಕೆಯ ವಿಮಾನಕ್ಕೆ ಜಿಎಸ್‌ಟಿ ಶೇಕಡಾ 28 ಇದ್ದದ್ದು, 2025ರ ಸೆಪ್ಟೆಂಬರ್ 22ರಿಂದ 40 ಆಯಿತು. ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ಪರ್ಮಿಟ್ ಇರುವ ಚಾರ್ಟರ್ (ಬಾಡಿಗೆ ವಿಮಾನ) ಕಂಪನಿಯ ಅಡಿಯಲ್ಲಿ ತಂದರೆ ಶೇಕಡಾ 5. ಯಾರಿಗಾದರೂ ಆಸೆ ಹುಟ್ಟುತ್ತದೆ. ಆದರೆ ಹಾಗೆ ತಂದ ವಿಮಾನ ನಿಜವಾಗಿ ಬಾಡಿಗೆಗೇ ಓಡಬೇಕು. ಮಾಲೀಕ ಹತ್ತಿದರೂ ಬಿಲ್ ಆಗಬೇಕು. "ನನ್ನ ವಿಮಾನಕ್ಕೆ ನಾನೇ ಬಾಡಿಗೆ ಕೊಡುವುದಾ?" ಅಂತ ಧಣಿಗಳು ಮೂರು ಸಲ ಕೇಳಿದರು. ಮೂರು ಸಲವೂ ಹೌದು ಅಂದೆ. ಈ ವಿಷಯದಲ್ಲಿ ಕಸ್ಟಮ್ಸ್‌ಗೂ ಕಂಪನಿಗಳಿಗೂ ವರ್ಷಗಟ್ಟಲೆ ಕೇಸು ನಡೆದದ್ದುಂಟು. ನಾವು ಚಾರ್ಟರ್ ದಾರಿ ಹಿಡಿದೆವು, ಪ್ರತಿ ಟ್ರಿಪ್ಪಿನ ಬಿಲ್ಲು ನನ್ನ ಫೈಲಿನಲ್ಲಿದೆ.

ವಿಮಾನ ಎಲ್ಲಿ ನಿಲ್ಲಿಸುವುದು ಅನ್ನುವುದಕ್ಕೆ ಮನೆಯಲ್ಲೇ ಜಗಳವಾಯಿತು. ಧಣಿಗಳಿಗೆ ಬಜ್ಪೆಯಲ್ಲೇ ಬೇಕು. ಭಾವ ಬೆಂಗಳೂರು ಅಂದರು: ಇಂಜಿನಿಯರ್‌ಗಳು ಅಲ್ಲಿ, ಬಾಡಿಗೆ ಗಿರಾಕಿ ಅಲ್ಲಿ, ಉಪ್ಪುಗಾಳಿ ಇಲ್ಲ. ಕೊನೆಗೆ ಬೆಂಗಳೂರೇ ಆಯಿತು. ಅದಕ್ಕೆ ತೆತ್ತ ಬೆಲೆ ಏನೆಂದರೆ, ಧಣಿಗಳನ್ನು ಕರೆದೊಯ್ಯಲು ಪ್ರತಿ ಸಲ ವಿಮಾನ ಬೆಂಗಳೂರಿನಿಂದ ಖಾಲಿ ಬರಬೇಕು. ಆ ಖಾಲಿ ಗಂಟೆಗಳನ್ನು ನಾನು ಮೊದಲ ಲೆಕ್ಕದಲ್ಲಿ ಹಾಕಿರಲಿಲ್ಲ. ನನ್ನ ದೊಡ್ಡ ತಪ್ಪು ಅದೇ.

ರನ್‌ವೇಯ ಚಿಂತೆ ನಮಗೆ ಇರಲಿಲ್ಲ. ಬಜ್ಪೆಯದ್ದು 2,450 ಮೀಟರ್, ಸಣ್ಣ ಜೆಟ್‌ಗೆ ಧಾರಾಳ. ಮೈಸೂರಿನದ್ದು 1,740 ಮೀಟರ್, ಅಲ್ಲಿ ಮಳೆ ಇದ್ದರೆ ಪೈಲಟ್ ಒದ್ದೆ ರನ್‌ವೇಯ ಲೆಕ್ಕ ಮಾಡಿಯೇ ಹೊರಡುತ್ತಾನೆ. ಆದರೆ ನಮ್ಮದು ಗುಡ್ಡದ ತಲೆಯ ಮೇಲಿನ ರನ್‌ವೇ. ಜೂನ್, ಜುಲೈಯಲ್ಲಿ ಮೋಡ ಬಂದು ಅದರ ಮೇಲೆಯೇ ಕೂರುತ್ತದೆ.

ಮೊದಲ ಸಲ ವಿಮಾನ ಊರಿಗೆ ಬರುವ ದಿನ ಹಾಗೆಯೇ ಆಯಿತು. ಧಣಿಗಳು ಬೆಂಗಳೂರಿನಿಂದ ಅದರಲ್ಲೇ ಹೊರಟಿದ್ದರು. ನಾನು ತೆಂಗಿನಕಾಯಿ, ನಿಂಬೆಹಣ್ಣು, ಮಲ್ಲಿಗೆ ಹಿಡಿದುಕೊಂಡು ಬಜ್ಪೆಯಲ್ಲಿ ಕಾಯುತ್ತಿದ್ದೆ, ಜೊತೆಗೆ ಅಮ್ಮ. ತಲೆಯ ಮೇಲೆ ಶಬ್ದ ಕೇಳಿತು, ವಿಮಾನ ಕಾಣಲಿಲ್ಲ. ಎರಡು ಸುತ್ತು ಹಾಕಿ ವಾಪಸ್ ಬೆಂಗಳೂರಿಗೆ ಹೋಯಿತು. ಧಣಿಗಳು ಆ ರಾತ್ರಿ ಕಾರು ಹತ್ತಿ ಶಿರಾಡಿ ಘಾಟಿ ಇಳಿದು ಬೆಳಗಿನ ಜಾವ ಮನೆ ಮುಟ್ಟಿದರು. ಮಲ್ಲಿಗೆಯನ್ನು ಅಮ್ಮ ದೇವರಿಗೆ ಮುಡಿಸಿದರು.