ಲ್ಯಾಪ್‌ಟಾಪ್ ಕೊಳ್ಳಲು ಹೊರಟಿರಾ? ಮಾಡೆಲ್ ನಂಬರ್ ಓದೋದು ಕಲಿತು ಹೋಗಿ

ಅಕ್ಕನ ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಕಾಲೇಜು ಶುರುವಾಗುವ ಮುಂಚೆ ಲ್ಯಾಪ್‌ಟಾಪ್ ಬೇಕು ಅಂತ ಒಂದು ಭಾನುವಾರ ಮೂವರೂ ಹೊರಟೆವು. ಬೆಂಗಳೂರಿನ ತುಂಬಾ ಶಾಖೆಗಳಿರುವ ಒಂದು ದೊಡ್ಡ ಅಂಗಡಿ. ಒಳಗೆ ಎಸಿ, ಸಾಲಾಗಿ ಜೋಡಿಸಿಟ್ಟ ಮೂವತ್ತು ನಲವತ್ತು ಲ್ಯಾಪ್‌ಟಾಪ್.

"ಇದರಲ್ಲಿ ರ‍್ಯಾಮ್ ಎಷ್ಟಿದೆ?" ಅಂತ ಹುಡುಗಿ ಕೇಳಿದಳು.

"512 ಜಿಬಿ ಇದೆ ಮೇಡಂ" ಅಂದ ಸೇಲ್ಸ್ ಹುಡುಗ.

512 ಜಿಬಿ ಇದ್ದದ್ದು ಎಸ್‌ಎಸ್‌ಡಿ, ಅಂದರೆ ಫೈಲುಗಳನ್ನು ಇಟ್ಟುಕೊಳ್ಳುವ ಜಾಗ. ರ‍್ಯಾಮ್ (ಕೆಲಸ ನಡೆಯುವಾಗ ಮಷೀನ್ ಬಳಸುವ ತಾತ್ಕಾಲಿಕ ಜಾಗ) ಇದ್ದದ್ದು ಬರೀ 8 ಜಿಬಿ. ಆ ಹುಡುಗ ಸುಳ್ಳು ಹೇಳುತ್ತಿರಲಿಲ್ಲ, ಅವನಿಗೆ ಗೊತ್ತಿರಲಿಲ್ಲ ಅಷ್ಟೆ. ಮಾತಾಡಿಸಿದಾಗ ಹೇಳಿದ: ಎರಡು ವಾರದ ಹಿಂದಿನವರೆಗೂ ವಾಷಿಂಗ್ ಮಷೀನ್ ವಿಭಾಗದಲ್ಲಿದ್ದನಂತೆ. ಯಾರೂ ಏನೂ ಹೇಳಿಕೊಡದೆ ಇಲ್ಲಿ ತಂದು ನಿಲ್ಲಿಸಿದ್ದಾರೆ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆದರೆ ಅಕ್ಕ ವರ್ಷಗಟ್ಟಲೆ ಚೀಟಿ ಕಟ್ಟಿ ಕೂಡಿಸಿದ ದುಡ್ಡು ಅವನ ಒಂದು ಮಾತಿನ ಮೇಲೆ ನಿಂತಿತ್ತಲ್ಲ, ಅದು ಸಂಕಟವಾಯಿತು.

ಇಂಥ ಅಂಗಡಿಗೆ ಹೋಗಲೇಬೇಡಿ ಅಂತ ನಾನು ಹೇಳುವುದಿಲ್ಲ. ಮಷೀನನ್ನು ಮುಟ್ಟಿ ನೋಡಬಹುದು, ಸರಿಯಾದ ಬಿಲ್ ಸಿಗುತ್ತದೆ, ಕಾರ್ಡ್ ಆಫರ್ ಇರುತ್ತದೆ. ಏನು ಕೊಳ್ಳಬೇಕು ಅನ್ನುವುದನ್ನು ಮಾತ್ರ ಅಲ್ಲಿ ಕೇಳಿ ತೀರ್ಮಾನ ಮಾಡಬೇಡಿ.

ಮನೆಯಲ್ಲೇ ಒಂದು ಚೀಟಿ ಬರೆಯಿರಿ

ಕೆಲಸ ಏನು ಅಂತ ಮೊದಲು ಬರೆಯಿರಿ. ಪಾಠ, ಟೈಪಿಂಗ್, ಟ್ಯಾಲಿ, ಆನ್‌ಲೈನ್ ಕ್ಲಾಸ್ ಇಷ್ಟೇ ಆದರೆ ದುಬಾರಿ ಮಷೀನ್ ಬೇಡ. ಕೋಡಿಂಗ್, ಆಟೊಕ್ಯಾಡ್, ವಿಡಿಯೊ ಎಡಿಟಿಂಗ್ ಇದ್ದರೆ ಲೆಕ್ಕ ಬೇರೆ. ಕಾಲೇಜಿನವರು ಇಂತಿಂಥದ್ದು ಬೇಕು ಅಂತ ಪಟ್ಟಿ ಕೊಟ್ಟಿದ್ದರೆ ಅದನ್ನೂ ಜೊತೆಗಿಟ್ಟುಕೊಳ್ಳಿ.

ಅದರ ಕೆಳಗೆ ಇಷ್ಟು ಬರೆದುಕೊಳ್ಳಿ: ರ‍್ಯಾಮ್ 16 ಜಿಬಿ. 8 ಜಿಬಿಯದ್ದೇ ಕೊಳ್ಳುವುದಾದರೆ ಮುಂದೆ ಹೆಚ್ಚಿಸಲು ಜಾಗ ಇರಬೇಕು. ಎಸ್‌ಎಸ್‌ಡಿ 512 ಜಿಬಿ. ತೀರಾ ಅಗ್ಗದ ಮಷೀನ್‌ಗಳಲ್ಲಿ ಇದರ ಬದಲು 64 ಅಥವಾ 128 ಜಿಬಿಯ ಇಎಂಎಂಸಿ ಅಂತ ಬರುತ್ತದೆ, ಅದು ನಿಧಾನ, ಬೇಡ. ಪರದೆ ಫುಲ್ ಎಚ್‌ಡಿ, ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಕೆಡದ ಬಗೆ). ವಿಂಡೋಸ್ 11. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೇ ಸ್ಟಾಕ್ ಅಂತ ಕಡಿಮೆ ಬೆಲೆಗೆ ಕೊಟ್ಟರೆ ಇದನ್ನು ಮರೀಬೇಡಿ.

'ಐ5' ಅಂದರೆ ಸಾಲದು

ಹೆಚ್ಚಿನವರು ಕೈ ಸುಟ್ಟುಕೊಳ್ಳುವುದು ಇಲ್ಲೇ. ಅಂಗಡಿಯಲ್ಲಿ "ಐ5 ಸರ್, ಒಳ್ಳೇ ಪ್ರೊಸೆಸರ್" ಅನ್ನುತ್ತಾರೆ. ಐ5 ಅನ್ನುವುದು ಇಂಟೆಲ್ ಕಂಪನಿಯ ಒಂದು ಚಿಪ್ ಸಾಲಿನ ಹೆಸರು. 2017ರಲ್ಲಿ ಬಂದ ಐ5-8250ಯು ಕೂಡ ಐ5. 2023ರಲ್ಲಿ ಬಂದ ಐ5-1335ಯು ಕೂಡ ಐ5. ಎರಡಕ್ಕೂ ಅಜಗಜಾಂತರ. ಗೆರೆಯ ನಂತರದ ಅಂಕಿ ನೋಡಬೇಕು. 8250ರಲ್ಲಿ ಮೊದಲ 8 ಅಂದರೆ ಎಂಟನೇ ತಲೆಮಾರು. 1335ರಲ್ಲಿ ಮೊದಲ 13 ಅಂದರೆ ಹದಿಮೂರನೇ ತಲೆಮಾರು. ಕೊನೆಯ ಅಕ್ಷರವೂ ಮುಖ್ಯ. 'ಯು' ಇದ್ದರೆ ಕರೆಂಟ್ ಉಳಿಸುವ ಚಿಪ್, ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ. 'ಎಚ್' ಇದ್ದರೆ ಭಾರಿ ಕೆಲಸದ ಚಿಪ್, ಬಿಸಿಯೂ ಜಾಸ್ತಿ. 2023ರ ಕೊನೆಯಿಂದ ಇಂಟೆಲ್ ಆ 'ಐ' ಅಕ್ಷರ ಕೈಬಿಟ್ಟು 'ಕೋರ್ ಅಲ್ಟ್ರಾ 5' ಥರದ ಹೆಸರು ಇಡಲು ಶುರು ಮಾಡಿತು. ಹಾಗಾಗಿ 'ಐ' ಇಲ್ಲ ಅಂದ ಮಾತ್ರಕ್ಕೆ ಅದು ಡುಪ್ಲಿಕೇಟ್ ಅಲ್ಲ.

ಇಂಟೆಲ್‌ನ ಎದುರಾಳಿ ಕಂಪನಿ ಎಎಂಡಿಯ ಚಿಪ್‌ಗಳಲ್ಲಿ ಇನ್ನೂ ಸೂಕ್ಷ್ಮ. ರೈಝೆನ್ 5 7520ಯು, 7530ಯು, 7540ಯು ಅಂತ ಮೂರಿವೆ. ಮೂರರ ಸ್ಟಿಕ್ಕರ್ ಮೇಲೂ 'ರೈಝೆನ್ 5' ಅಂತಲೇ ಇರುತ್ತದೆ. ಈ 7000 ಸಾಲಿನಲ್ಲಿ ನೋಡಬೇಕಾದ್ದು ಮೂರನೇ ಅಂಕಿ. 2 ಇದ್ದರೆ ಝೆನ್ 2, ಅಂದರೆ 2019ರಲ್ಲಿ ಬಂದ ವಿನ್ಯಾಸ. 3 ಇದ್ದರೆ ಝೆನ್ 3, 2020ರದ್ದು. 4 ಇದ್ದರೆ ಝೆನ್ 4, 2022ರದ್ದು. 7520ರಲ್ಲಿ ನಾಲ್ಕು ಕೋರ್ (ಚಿಪ್ ಒಳಗೆ ಲೆಕ್ಕ ಮಾಡುವ ಘಟಕ), ಮಿಕ್ಕೆರಡರಲ್ಲಿ ಆರಾರು. ದೊಡ್ಡ ನಂಬರ್ ಅಂದರೆ ಹೊಸದು ಅಂದುಕೊಂಡು ಎಷ್ಟೋ ಜನ ಈ 7520 ಕೊಂಡು ಬರುತ್ತಾರೆ. ಟೈಪಿಂಗ್, ಬ್ರೌಸಿಂಗ್‌ಗೆ ಅದೂ ಸಾಕು, ಆದರೆ ಬೆಲೆ ಅದಕ್ಕೆ ತಕ್ಕಂತಿರಬೇಕು.

ನಾನು ಇದನ್ನು ಅಕ್ಕನಿಗೆ ವಿವರಿಸುತ್ತಿದ್ದಾಗ ಆ ಹುಡುಗ ಪಕ್ಕದಲ್ಲೇ ನಿಂತು ಕೇಳುತ್ತಿದ್ದ. ಬೆಲೆ ಬರೆಯುವ ಪ್ಯಾಡ್ ತೆಗೆದು, "ಇನ್ನೊಂದ್ ಸಲ ಹೇಳಿ ಸರ್, ಮೂರನೇ ನಂಬರ್ ತಾನೆ?" ಅಂದ. ಬರೆದುಕೊಂಡ. ಒಂದು ಗಂಟೆ ಕೂರಿಸಿ ಇಷ್ಟು ಹೇಳಿಕೊಡಲು ಅಷ್ಟು ದೊಡ್ಡ ಕಂಪನಿಗೆ ಯಾಕೆ ಆಗಲಿಲ್ಲವೋ!

ಅಂಗಡಿಯೊಳಗೆ: ಯಾರು ಯಾರ ಕಡೆಯವರು?

ಟೀ ಶರ್ಟ್ ನೋಡಿ. ಅದರ ಮೇಲೆ ಲ್ಯಾಪ್‌ಟಾಪ್ ಕಂಪನಿಯ ಹೆಸರಿದ್ದರೆ ಅವರು ಸಾಮಾನ್ಯವಾಗಿ ಆ ಬ್ರ್ಯಾಂಡ್‌ನ ಪ್ರಮೋಟರ್. ಬೇರೆ ಕಂಪನಿಯದ್ದು ಚೆನ್ನಾಗಿದೆ ಅಂತ ಅವರ ಬಾಯಲ್ಲಿ ಬರುವುದು ಕಷ್ಟ. ಹಾಗಾಗಿ "ಯಾವುದು ಒಳ್ಳೇದು?" ಅಂತ ಕೇಳಬೇಡಿ. "ಇದರ ಪೂರ್ತಿ ಮಾಡೆಲ್ ನಂಬರ್ ಏನು?" ಅಂತ ಕೇಳಿ. ಕನ್ನಡದಲ್ಲೇ ಕೇಳಿ, ಸಂಕೋಚ ಬೇಡ. ಹೇಳಿದ್ದು ಅರ್ಥವಾಗದಿದ್ದರೆ ತಿರುಗಿ ಕೇಳಿ. ದುಡ್ಡು ಕೊಡುವವರು ನೀವು ಅಲ್ವಾ?

ಆ ನಂಬರನ್ನು ಫೋನ್‌ನಲ್ಲಿ ಹಾಕಿ ಕಂಪನಿಯ ವೆಬ್‌ಸೈಟ್‌ನಲ್ಲೇ ನೋಡಿ. ಒಂದೇ ಹೆಸರಿನ ಮಷೀನ್ ಐದಾರು ಬಗೆಯಲ್ಲಿ ಬರುತ್ತದೆ. ಕೊನೆಯ ಎರಡು ಮೂರು ಅಕ್ಷರ ಬದಲಾದರೆ ಪರದೆ ಬೇರೆ, ರ‍್ಯಾಮ್ ಬೇರೆ.

'ಎಐ ಲ್ಯಾಪ್‌ಟಾಪ್' ಅನ್ನುವ ಮಾತು ಈಗ ಎಲ್ಲ ಕಡೆ. ಮೈಕ್ರೋಸಾಫ್ಟ್‌ನ 'ಕೋಪೈಲಟ್ ಪ್ಲಸ್ ಪಿಸಿ' ಅನ್ನಿಸಿಕೊಳ್ಳಲು 40 ಟಾಪ್ಸ್‌ಗಿಂತ (ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಅನ್ನುವ ಅಳತೆ) ಹೆಚ್ಚಿನ ಶಕ್ತಿಯ ಎನ್‌ಪಿಯು, ಅಂದರೆ ಎಐ ಕೆಲಸಕ್ಕೆಂದೇ ಇರುವ ಚಿಪ್ ಭಾಗ, 16 ಜಿಬಿ ರ‍್ಯಾಮ್ ಇರಬೇಕು. ಕೀಬೋರ್ಡ್ ಮೇಲೆ ಕೋಪೈಲಟ್ ಗುಂಡಿ ಇದ್ದ ಮಾತ್ರಕ್ಕೆ ಅದು ಆಗಿಬಿಡುವುದಿಲ್ಲ.

ಮಷೀನನ್ನೇ ಕೇಳಿ

ಡೆಮೊ ಮಷೀನ್‌ನಲ್ಲಿ ಜಾಹೀರಾತು ಓಡುತ್ತಿರುತ್ತದೆ. ನಿಲ್ಲಿಸಲು ಹೇಳಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಗುಂಡಿ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. 'ಪರ್ಫಾರ್ಮೆನ್ಸ್' ಒತ್ತಿದರೆ ಪ್ರೊಸೆಸರ್‌ನ ಪೂರ್ತಿ ಹೆಸರು, ರ‍್ಯಾಮ್, ಡಿಸ್ಕ್ ಎಲ್ಲ ಕಣ್ಣೆದುರಿಗೇ ಬರುತ್ತದೆ. ಅರ್ಧ ನಿಮಿಷದ ಕೆಲಸ.

'ಮೆಮೊರಿ' ಮೇಲೆ ಒತ್ತಿ ಕೆಳಗೆ ನೋಡಿ. 'ಫಾರ್ಮ್ ಫ್ಯಾಕ್ಟರ್' ಎದುರು 'ರೋ ಆಫ್ ಚಿಪ್ಸ್' ಅಂತಿದ್ದರೆ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿದ್ದಾರೆ, ಅದನ್ನು ತೆಗೆದು ಬೇರೆ ಹಾಕಲು ಆಗುವುದಿಲ್ಲ. 'ಸೋಡಿಮ್' ಅಂತಿದ್ದರೆ ಕಳಚಿ ಬದಲಿಸುವ ಕಡ್ಡಿ. ನಾವು ನೋಡಿದ 8 ಜಿಬಿ ಮಷೀನ್‌ನಲ್ಲಿ ಮೊದಲನೆಯದೇ ಬಂತು. "ಮುಂದೆ ಹಾಕಿಸ್ಕೋಬಹುದು ಸರ್" ಅಂದಿದ್ದ ಹುಡುಗನೂ ಬಗ್ಗಿ ನೋಡಿ ಸುಮ್ಮನಾದ. ಅದನ್ನು ಅಲ್ಲೇ ಬಿಟ್ಟೆವು.

'ಸೋಡಿಮ್' ಇದ್ದರೆ ಈಗ 8 ಜಿಬಿಯದ್ದು ಕೊಂಡು, ಮುಂದೆ ಎಸ್‌ಪಿ ರೋಡಿನಲ್ಲಿ ರ‍್ಯಾಮ್ ಹಾಕಿಸಿಕೊಳ್ಳಬಹುದು. ಬೆಂಗಳೂರಿನ ಈ ಸಾದರ ಪತ್ರಪ್ಪ ರಸ್ತೆಯಲ್ಲಿ ಬಿಡಿಭಾಗ ಮಾರುವವರಿಗೆ ಕೈಯಲ್ಲಿ ಹಿಡಿದೇ ಮಾಲು ಗೊತ್ತಾಗುತ್ತದೆ, ಅವರ ಜೊತೆ ಮಾತಾಡುವುದೇ ಒಂದು ಪಾಠ. ಬಿಲ್ ಮಾತ್ರ ಕೇಳಿ ಪಡೆಯಿರಿ. ಮಷೀನ್ ಬಿಚ್ಚಿದರೆ ವಾರಂಟಿ ಉಳಿಯುತ್ತದಾ ಅಂತ ಕಂಪನಿಯ ಕಸ್ಟಮರ್ ಕೇರ್‌ನಲ್ಲಿ ಮೊದಲೇ ವಿಚಾರಿಸಿ.

512 ಜಿಬಿ ಅಂತ ಬರೆದ ಡಿಸ್ಕ್ ವಿಂಡೋಸ್‌ನಲ್ಲಿ 476 ಚಿಲ್ಲರೆ ತೋರಿಸುತ್ತದೆ. ಇದರಲ್ಲಿ ಮೋಸ ಇಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ಪರದೆ ಪರೀಕ್ಷೆಗೆ ಯಾವುದಾದರೂ ಫೋಟೊ ತೆರೆದು ಎಡಕ್ಕೆ, ಬಲಕ್ಕೆ ಸರಿದು ನೋಡಿ, ಆಮೇಲೆ ಬಗ್ಗಿ ಕೆಳಗಿನಿಂದ ನೋಡಿ. ಬಣ್ಣ ಕಪ್ಪಾಗಿ ಉಲ್ಟಾ ಹೊಡೆದರೆ ಅದು ಐಪಿಎಸ್ ಅಲ್ಲ, ಟಿಎನ್ ಅನ್ನುವ ಬಗೆಯ ಪರದೆ. ಒಂದು ಪ್ಯಾರಾ ಟೈಪ್ ಮಾಡಿ ಕೀಲಿಮಣೆ ಬೆರಳಿಗೆ ಹಿತವಾಗಿದೆಯಾ ನೋಡಿ.

ಕನ್ನಡ ಟೈಪ್ ಮಾಡಲು ಬೇರೆ ಸಾಫ್ಟ್‌ವೇರ್ ಕೊಳ್ಳಬೇಕು ಅಂತ ಯಾರಾದರೂ ಅಂದರೆ ಒಪ್ಪಬೇಡಿ. ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಇದೆ, ಸೆಟ್ಟಿಂಗ್ಸ್‌ನಲ್ಲಿ ಭಾಷೆ ಸೇರಿಸಿದರೆ ಆಯಿತು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವೂ ಉಚಿತವಾಗಿ ಸಿಗುತ್ತದೆ.

ಬಿಲ್ ಕೌಂಟರ್‌ನಲ್ಲಿ

ಇಲ್ಲಿ ಒಂದೊಂದೇ ಸೇರುತ್ತಾ ಹೋಗುತ್ತದೆ. ಆ್ಯಂಟಿವೈರಸ್ ಬೇಡ, ವಿಂಡೋಸ್ ಜೊತೆಗೇ ಡಿಫೆಂಡರ್ ಬರುತ್ತದೆ. ಎಕ್ಸ್‌ಟೆಂಡೆಡ್ ವಾರಂಟಿ ಅಂದರೆ ಅದು ಲ್ಯಾಪ್‌ಟಾಪ್ ಕಂಪನಿಯದ್ದೋ ಅಂಗಡಿಯದ್ದೋ ಕೇಳಿ. ಬಿದ್ದು ಒಡೆದರೆ, ನೀರು ಚೆಲ್ಲಿದರೆ ಸೇರುತ್ತದಾ, ಬ್ಯಾಟರಿ ಸೇರುತ್ತದಾ, ಬರವಣಿಗೆಯಲ್ಲಿ ನೋಡಿ. ಕಂಪನಿಯದ್ದಾದರೆ ಅವತ್ತೇ ತಗೋಬೇಕು ಅಂತಿಲ್ಲ. ಮೊದಲ ವಾರಂಟಿ ಮುಗಿಯುವ ಮುಂಚೆ ಅವರ ವೆಬ್‌ಸೈಟ್‌ನಲ್ಲಿ ಸಾಮಾನ್ಯವಾಗಿ ಸಿಗುತ್ತದೆ.

'ನೋ ಕಾಸ್ಟ್ ಇಎಂಐ' ಮೂಗಿಗೆ ತುಪ್ಪ ಹಚ್ಚುವ ಮಾತು. ಶೂನ್ಯ ಬಡ್ಡಿ ಅನ್ನುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಬಡ್ಡಿಯಷ್ಟು ಡಿಸ್ಕೌಂಟ್ ಕೊಟ್ಟು ಸರಿದೂಗಿಸುತ್ತಾರೆ. ಆದರೆ ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ, ಇದ್ದರೆ ಪ್ರೋಸೆಸಿಂಗ್ ಫೀ ನಿಮ್ಮ ತಲೆಗೇ ಬೀಳುತ್ತದೆ. ಎಲ್ಲ ಕೂಡಿಸಿ ಒಟ್ಟು ಎಷ್ಟು ಅಂತ ಕೇಳಿ, ಆಮೇಲೆ ಕಾರ್ಡ್ ಕೊಡಿ.

ಡಬ್ಬ ಅಲ್ಲೇ ತೆರೆಸಿ, ಖಾತೆ ನಿಮ್ಮದೇ ಇರಲಿ

ಡೆಮೊ ಪೀಸ್ ಒಪ್ಪಬೇಡಿ. ಸೀಲ್ ಇರುವ ಡಬ್ಬ ತರಿಸಿ, ಬಿಚ್ಚುವಾಗ ಫೋನ್‌ನಲ್ಲಿ ವಿಡಿಯೊ ಮಾಡಿ. ಡಬ್ಬದ ಮೇಲೆ ತಯಾರಾದ ತಿಂಗಳು, ವರ್ಷ, ಎಂಆರ್‌ಪಿ ಇರಲೇಬೇಕು. ಡಬ್ಬದ ಮೇಲಿನ ಸೀರಿಯಲ್ ನಂಬರ್, ಮಷೀನ್ ಬೆನ್ನಿನ ಮೇಲಿನದ್ದು, ಬಿಲ್‌ನಲ್ಲಿರುವುದು ಮೂರೂ ಒಂದೇ ಇರಬೇಕು. ಟಾಸ್ಕ್ ಮ್ಯಾನೇಜರ್ ಇಲ್ಲೂ ಒಮ್ಮೆ ತೆರೆದು ನೋಡಿ.

ಈಗ ಹೇಳುವುದನ್ನು ದಯವಿಟ್ಟು ಗಮನವಿಟ್ಟು ಓದಿ. ಮಷೀನ್ ಶುರು ಮಾಡಿದಾಗ ವಿಂಡೋಸ್ ಒಂದು ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ಬೇಗ ಮುಗಿಯಲಿ ಅಂತ ಅಂಗಡಿ ಹುಡುಗರು ಯಾವುದೋ ಇಮೇಲ್ ಹಾಕಿ ಖಾತೆ ತೆರೆದುಬಿಡುತ್ತಾರೆ. ನನ್ನ ಸಹೋದ್ಯೋಗಿಯೊಬ್ಬರಿಗೆ ಹೀಗೇ ಆಯಿತು. ಲ್ಯಾಪ್‌ಟಾಪ್ ಜೊತೆ ಬಂದ ಆಫೀಸ್ ಲೈಸೆನ್ಸ್ ಆ ಖಾತೆಗೆ ಅಂಟಿಕೊಂಡಿತು. ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಪರದೆ ನೀಲಿಯಾಗಿ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ವ್ಯವಸ್ಥೆ) ರಿಕವರಿ ಕೀ ಕೇಳಿತು. ಆ 48 ಅಂಕಿಯ ಕೀ ಇದ್ದದ್ದೂ ಅದೇ ಖಾತೆಯಲ್ಲಿ. ಖಾತೆ ತೆರೆದ ಹುಡುಗ ಕೆಲಸ ಬಿಟ್ಟು ಊರಿಗೆ ಹೋಗಿದ್ದ. ಮಗುವಿನ ನಾಮಕರಣದ ಫೋಟೊಗಳು ಒಳಗೇ ಉಳಿದವು. ಅವರು ಆ ಮಷೀನನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಹಾಗಾಗಿ ನಿಮ್ಮ ಇಮೇಲ್, ನಿಮ್ಮ ಪಾಸ್‌ವರ್ಡ್, ನಿಮ್ಮ ಫೋನ್ ನಂಬರ್. ಟೈಪ್ ಮಾಡುವುದೂ ನೀವೇ. ಅಂಗಡಿಯ ವೈಫೈ ಸಿಗದಿದ್ದರೆ ಫೋನ್‌ನ ಹಾಟ್‌ಸ್ಪಾಟ್ ಕೊಡಿ. ಆಫೀಸ್ ಒಂದು ವರ್ಷದ ಚಂದಾವೋ ಕಾಯಂ ಲೈಸೆನ್ಸೋ ಅಲ್ಲೇ ನೋಡಿ. ಆಮೇಲೆ ಕಂಪನಿಯ ವೆಬ್‌ಸೈಟ್‌ನಲ್ಲಿ ಸೀರಿಯಲ್ ನಂಬರ್ ಹಾಕಿ ವಾರಂಟಿ ಯಾವತ್ತಿನಿಂದ ಶುರುವಾಗಿದೆ ನೋಡಿ. ಮೂರು ತಿಂಗಳ ಹಿಂದಿನ ತಾರೀಕು ಇದ್ದರೆ ಬಿಲ್ ಕಳಿಸಿ ಸರಿ ಮಾಡಿಸಿಕೊಳ್ಳಬೇಕು.

ತೊಂದರೆ ಬಂದರೆ

"ಮಾರಿದ ಮಾಲು ವಾಪಸ್ ಇಲ್ಲ" ಅನ್ನುವ ಬೋರ್ಡ್ ನೋಡಿ ಹೆದರಬೇಡಿ. ದೋಷವಿರುವ ಮಾಲನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಹೇಳದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳಲು ಒಪ್ಪದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅಷ್ಟೆ. ಮೊದಲು ಅಂಗಡಿಗೆ ಇಮೇಲ್ ಮಾಡಿ, ಬಾಯಿಮಾತು ಸಾಲದು. ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರಿನ ಶುಲ್ಕ ಇಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು.

ಡಬ್ಬವನ್ನು ಒಂದು ತಿಂಗಳಾದರೂ ಎಸೆಯಬೇಡಿ. ಬಿಲ್‌ನ ಫೋಟೊ ಅವತ್ತೇ ತೆಗೆದು ನಿಮ್ಮ ಇಮೇಲ್‌ಗೆ ಕಳಿಸಿಕೊಳ್ಳಿ. ಕೌಂಟರ್‌ನಲ್ಲಿ ಕೊಡುವ ಆ ನುಣುಪು ಕಾಗದದ ಮೇಲಿನ ಅಕ್ಷರ ವರ್ಷ ತುಂಬುವಷ್ಟರಲ್ಲಿ ಮಾಸಿಹೋಗಬಹುದು.