ಅತ್ತೆಯವರ ಡಯಾಪರ್ ಸೋರಿಕೆ ನಿಂತ ಬಗೆ

ಕಾಸರಗೋಡಿನ ನಮ್ಮ ಮನೆಯಲ್ಲಿ ಹಾಸಿಗೆ ಹಿಡಿದಿರುವ ಅತ್ತೆಯವರ ಡಯಾಪರ್, ಒಳಗಿನ ತಿರುಳು ಬಹುಪಾಲು ಒಣಗಿಯೇ ಇದ್ದರೂ, ತೊಡೆಯ ಸಂದಿನಿಂದ ಸೋರುತ್ತಿತ್ತು. ಮೈಗೆ ತಾಗುವ ಮೇಲ್ಪದರವು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಎಳೆಗಳ, ನೇಯದ ಬಟ್ಟೆ. ಆ ಎಳೆ ಸ್ವಭಾವತಃ ನೀರನ್ನು ಒಲ್ಲದಾದ್ದರಿಂದ, ಮೂತ್ರ ಕೆಳಕ್ಕಿಳಿಯಲೆಂದು ಅದಕ್ಕೆ ತೆಳುವಾದ ಲೇಪ ಕೊಟ್ಟಿರುತ್ತಾರೆ. ಚರ್ಮ ಕೆಂಪಾಗದಿರಲೆಂದು ಧಾರಾಳವಾಗಿ ಸವರುತ್ತಿದ್ದ ತೆಂಗಿನೆಣ್ಣೆ (ನಮ್ಮಲ್ಲಿ ಅದಿಲ್ಲದ ಮದ್ದುಂಟೇ!) ಆ ಪದರಕ್ಕೆ ಅಂಟಿ, ಕೆಳಗಿನ ಹರಡುವ ಪದರಕ್ಕೂ ಹೀರುವ ತಿರುಳಿಗೂ ದ್ರವ ಬೇಗನೆ ತಲುಪದಂತೆ ತಡೆಯುತ್ತಿತ್ತು. ಈಗ ವೈದ್ಯರು ಸೂಚಿಸಿದ ಮುಲಾಮನ್ನು ತೆಳುವಾಗಿ ಹಚ್ಚಿ, ಚರ್ಮ ಅದನ್ನು ಹೀರಿಕೊಂಡ ಬಳಿಕವೇ ಡಯಾಪರ್ ತೊಡಿಸುತ್ತೇವೆ, ಸೋರಿಕೆ ನಿಂತಿದೆ. ರಾತ್ರಿಗೆಂದು ಒಳಗಿಡುವ ಹೆಚ್ಚುವರಿ ಪ್ಯಾಡ್‌ನ ತಳದಲ್ಲಿ ಪ್ಲಾಸ್ಟಿಕ್ ಇರಬಾರದು, ಇದ್ದರೆ ಕೆಳಗಿನ ಡಯಾಪರ್‌ಗೆ ಹನಿಯೂ ಇಳಿಯದೆ ಪಕ್ಕಕ್ಕೆ ಹರಿಯುತ್ತದೆ.